ಮ್ಯಾಡನ್‌ನಲ್ಲಿ ಎಳೆಯ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್: ಕೂರಿಸುವುದೋ, ಆಡಿಸುವುದೋ, ಮಾರುವುದೋ?

ಅಮೆರಿಕನ್ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡ 2005ರಲ್ಲಿ 24ನೇ ಆಯ್ಕೆಯಾಗಿ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ತಂಡದ ದಾಳಿ ನಡೆಸುವ ಆಟಗಾರ) ಆರನ್ ರಾಡ್ಜರ್ಸ್ ಅವರನ್ನು ಡ್ರಾಫ್ಟ್ ಮಾಡಿತು, ಅಂದರೆ ಹೊಸಬರನ್ನು ತಂಡಗಳು ಸರದಿಯಂತೆ ಆರಿಸುವಾಗ ಆರಿಸಿಕೊಂಡಿತು. ಆಗಿನ ಸ್ಟಾರ್ಟರ್ (ಪಂದ್ಯ ಆರಂಭಿಸುವ ಮೊದಲ ಆಯ್ಕೆಯ ಆಟಗಾರ) ಬ್ರೆಟ್ ಫಾರ್ವ್ ಹಿಂದೆ ಮೂರು ಸೀಸನ್ ಬೆಂಚಿನಲ್ಲಿ ಕೂರಿಸಿ, 2008ರಲ್ಲಿ ತಂಡವನ್ನು ಅವರ ಕೈಗೆ ಕೊಟ್ಟಿತು. 2020ರಲ್ಲಿ 26ನೇ ಆಯ್ಕೆಯಾಗಿ ಬಂದ ಜೋರ್ಡನ್ ಲವ್ ಅವರೂ ಹಾಗೇ ಮೂರು ವರ್ಷ ಕಾದು 2023ರಲ್ಲಿ ಸ್ಟಾರ್ಟರ್ ಆದರು. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಅಲೆಕ್ಸ್ ಸ್ಮಿತ್ ಹಿಂದೆ ಇದ್ದು ಕೊನೆಯ ಪಂದ್ಯದಲ್ಲಷ್ಟೇ ಸ್ಟಾರ್ಟ್ ಮಾಡಿದರು; ಮರುವರ್ಷವೇ ಲೀಗ್‌ನ ಎಂವಿಪಿ (ಅತ್ಯಮೂಲ್ಯ ಆಟಗಾರ). ಇವನ್ನೆಲ್ಲ ನೋಡಿದವರು ಇಎ ಕಂಪನಿಯ ಎನ್‌ಎಫ್‌ಎಲ್ ವಿಡಿಯೊ ಗೇಮ್ ಆದ ಮ್ಯಾಡನ್‌ನ ಫ್ರಾಂಚೈಸ್ ಮೋಡ್‌ನಲ್ಲೂ (ಒಂದು ತಂಡವನ್ನು ವರ್ಷಗಟ್ಟಲೆ ನಡೆಸುವ ವಿಧಾನ) ಅದೇ ದಾರಿ ಹಿಡಿಯುತ್ತಾರೆ. ಒಳ್ಳೆಯ ಹುಡುಗನನ್ನು ಡ್ರಾಫ್ಟ್ ಮಾಡಿ, ಎರಡನೇ ಸಾಲಿನಲ್ಲಿಟ್ಟು, ಮೂರು ವರ್ಷ ಬಿಟ್ಟು ತೆರೆದು ನೋಡುತ್ತಾರೆ. ಹುಡುಗ ಬಂದಾಗ ಹೇಗಿದ್ದನೋ ಹೆಚ್ಚುಕಡಿಮೆ ಹಾಗೇ ಇರುತ್ತಾನೆ. ಅಷ್ಟರಲ್ಲಿ ನಾಲ್ಕು ವರ್ಷದ ರೂಕಿ (ಹೊಸಬನ) ಒಪ್ಪಂದದಲ್ಲಿ ಉಳಿದಿರುವುದು ಒಂದೇ ವರ್ಷ.

ಕಾರಣ ಸರಳ. ನಿಜವಾದ ಬೆಂಚಿನಲ್ಲಿ ಕೂತ ಆಟಗಾರ ಪ್ರತಿದಿನ ಫಿಲ್ಮ್ ನೋಡುತ್ತಾನೆ, ಎದುರಾಳಿಗಳ ಆಟವನ್ನು ಅಭ್ಯಾಸದಲ್ಲಿ ಅನುಕರಿಸುತ್ತಾನೆ, ಕಾಲುಗಳ ನಡೆಯನ್ನು ತಿದ್ದಿಕೊಳ್ಳುತ್ತಾನೆ. ಮ್ಯಾಡನ್ ಇದನ್ನೆಲ್ಲ ವಾರದ ಅಭ್ಯಾಸದ ಒಂದು ಸಣ್ಣ ಎಕ್ಸ್‌ಪಿ (ಅನುಭವದ ಅಂಕ) ಮೊತ್ತಕ್ಕೆ ಇಳಿಸಿಬಿಟ್ಟಿದೆ. ಎಕ್ಸ್‌ಪಿಯ ದೊಡ್ಡ ಪಾಲು ಬರುವುದು ಪಂದ್ಯದಲ್ಲಿ ಆಡಿದ್ದರಿಂದ, ಗಳಿಸಿದ ಯಾರ್ಡ್ ಮತ್ತು ಟಚ್‌ಡೌನ್‌ಗಳಿಂದ, ಸೀಸನ್ ಗುರಿಗಳಿಂದ, ಪ್ರಶಸ್ತಿಗಳಿಂದ. ಹಾಗಾಗಿ ಆಟದೊಳಗೆ ಎಳೆಯ ಬ್ಯಾಕಪ್ ಬಗ್ಗೆ ಕೇಳಬೇಕಾದ ಪ್ರಶ್ನೆ ‘ಇವನನ್ನು ಎಷ್ಟು ವರ್ಷ ಕಾಯಿಸಲಿ’ ಎಂಬುದಲ್ಲ, ‘ಇವನಿಗೆ ಎಷ್ಟು ಸ್ನ್ಯಾಪ್ ಕೊಡಬಲ್ಲೆ’ ಎಂಬುದು (ಚೆಂಡು ಆಟಕ್ಕೆ ಬರುವ ಒಂದೊಂದು ಸರದಿಯೂ ಒಂದು ಸ್ನ್ಯಾಪ್). ಮುಂದಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಮೊದಲು ಹುಡುಗನ ಕಾರ್ಡ್ ಓದಿ

ಓವರಾಲ್ ಅಂಕವನ್ನು (ಆಟಗಾರನ ಒಟ್ಟು ಸಾಮರ್ಥ್ಯದ ಅಂಕ) ಕೊನೆಗೆ ನೋಡಿ. ಮೊದಲು ನೋಡಬೇಕಾದದ್ದು ಡೆವಲಪ್‌ಮೆಂಟ್ ಟ್ರೇಟ್, ಅಂದರೆ ಎಷ್ಟು ಬೇಗ ಬೆಳೆಯುತ್ತಾನೆ ಎಂಬ ಗುಣ. ಮ್ಯಾಡನ್ 20ರಿಂದ ಇದಕ್ಕೆ ನಾಲ್ಕು ಮೆಟ್ಟಿಲು: ನಾರ್ಮಲ್, ಸ್ಟಾರ್, ಸೂಪರ್‌ಸ್ಟಾರ್, ಎಕ್ಸ್-ಫ್ಯಾಕ್ಟರ್. ಮೇಲಿನ ಮೆಟ್ಟಿಲಿನವನಿಗೆ ಒಂದು ಸ್ಕಿಲ್ ಪಾಯಿಂಟ್ (ಸಾಮರ್ಥ್ಯ ಏರಿಸಲು ಖರ್ಚು ಮಾಡುವ ಅಂಕ) ಪಡೆಯಲು ಕಡಿಮೆ ಎಕ್ಸ್‌ಪಿ ಸಾಕು. ಓವರಾಲ್ ಏರಿದಂತೆ ಪಾಯಿಂಟಿನ ಬೆಲೆಯೂ ಏರುತ್ತದೆ. ಈ ಎರಡನ್ನೂ ಸೇರಿಸಿ ನೋಡಿದರೆ ಚಿತ್ರ ಸ್ಪಷ್ಟ: 70ರ ಆಸುಪಾಸಿನಲ್ಲಿರುವ ನಾರ್ಮಲ್ ಹುಡುಗ ಮೊದಮೊದಲು ಸರಾಗವಾಗಿ ಏರಿ, 70ರ ದಶಕ ಮುಗಿಯುವ ಹೊತ್ತಿಗೆ ಏದುಸಿರು ಬಿಡುತ್ತಾನೆ. ಅದೇ ಅಂಕದ ಸೂಪರ್‌ಸ್ಟಾರ್ ಹುಡುಗ ಆ ಹಂತವನ್ನು ನಿಲ್ಲದೆ ದಾಟುತ್ತಾನೆ. ಜೊತೆಗೆ ಸೂಪರ್‌ಸ್ಟಾರ್ ಮತ್ತು ಎಕ್ಸ್-ಫ್ಯಾಕ್ಟರ್‌ಗಳಿಗೆ ಮಾತ್ರ ಗನ್‌ಸ್ಲಿಂಗರ್, ಹಾಟ್ ರೂಟ್ ಮಾಸ್ಟರ್, ಎಸ್ಕೇಪ್ ಆರ್ಟಿಸ್ಟ್‌ನಂಥ ಎಬಿಲಿಟಿಗಳು (ವಿಶೇಷ ಶಕ್ತಿಗಳು) ಸಿಗುತ್ತವೆ. ಕೈಯಾರೆ ಆಡುವವರಿಗೆ ಓವರಾಲ್‌ನ ಐದು ಅಂಕಕ್ಕಿಂತ ಒಂದು ಒಳ್ಳೆಯ ಎಬಿಲಿಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರೂಕಿಯ ಕಾರ್ಡಿನಲ್ಲಿ ಟ್ರೇಟ್ ಜಾಗದಲ್ಲಿ ‘ಹಿಡನ್’ ಎಂದಿದ್ದರೆ ಒಳಗೆ ನಾರ್ಮಲ್‌ಗಿಂತ ಉತ್ತಮವಾದದ್ದು ಅಡಗಿದೆ ಎಂದರ್ಥ. ಅದು ಬಯಲಾಗಲು 500 ಸ್ನ್ಯಾಪ್ ಆಡಬೇಕು. ಮುಂದೆ ಈ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ.

ಎರಡನೆಯದು ತೋಳು ಮತ್ತು ಕಾಲು. ಥ್ರೋ ಪವರ್ ಮತ್ತು ಸ್ಪೀಡ್ ತರಬೇತಿಯಿಂದ ಬಹಳ ನಿಧಾನವಾಗಿ ಏರುತ್ತವೆ. ಅವೇರ್‌ನೆಸ್ (ಆಟ ಓದುವ ಅರಿವು), ಪ್ಲೇ ಆಕ್ಷನ್ (ಓಟದ ನಟನೆ ಮಾಡಿ ಪಾಸ್ ಎಸೆಯುವುದು), ಶಾರ್ಟ್ ಮತ್ತು ಮೀಡಿಯಂ ಆಕ್ಯುರಸಿ (ಪಾಸಿನ ನಿಖರತೆ) ಅದಕ್ಕಿಂತ ಸುಲಭ. ಆದ್ದರಿಂದ ಸುಲಭವಾಗಿ ಬೆಳೆಸಲಾಗದ್ದನ್ನು ಡ್ರಾಫ್ಟ್‌ನಲ್ಲೇ ಕೊಂಡುಕೊಳ್ಳಬೇಕು, ಬೆಳೆಸಬಹುದಾದದ್ದನ್ನು ಮನೆಯಲ್ಲಿ ಬೆಳೆಸಬೇಕು. ಥ್ರೋ ಪವರ್ 84 ಇರುವ ಜಾಣ ಹುಡುಗನಿಗಿಂತ 92 ಇರುವ ಅಪಕ್ವ ಹುಡುಗನೇ ನಮ್ಮ ಆಯ್ಕೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಪಂದ್ಯವನ್ನು ನೀವೇ ಆಡುವಾಗ ಡಿಫೆನ್ಸ್ ಓದುವುದು ನಿಮ್ಮ ಕಣ್ಣು, ಹುಡುಗನ ಅವೇರ್‌ನೆಸ್ ಅಲ್ಲ. ಅವೇರ್‌ನೆಸ್ ಕಡಿಮೆಯಿರುವ ಕಾರಣಕ್ಕೇ 69ಕ್ಕೆ ಇಳಿದಿರುವ ಕ್ವಾರ್ಟರ್‌ಬ್ಯಾಕ್ ನಿಮ್ಮ ಕೈಯಲ್ಲಿ 69ರಂತೆ ಆಡುವುದಿಲ್ಲ. ಪಂದ್ಯಗಳನ್ನು ಸಿಮ್ ಮಾಡುವವರಿಗೆ (ಕಂಪ್ಯೂಟರಿಗೇ ಆಡಲು ಬಿಡುವವರಿಗೆ) ಮಾತ್ರ ಇದು ತಿರುಗುಮುರುಗು. ಅಲ್ಲಿ ಅವೇರ್‌ನೆಸ್ ಮತ್ತು ಆಕ್ಯುರಸಿ ಇಲ್ಲದವನು ಇಂಟರ್‌ಸೆಪ್ಷನ್ (ಎದುರಾಳಿಯ ಕೈ ಸೇರುವ ಪಾಸ್) ಹಂಚುತ್ತಾ ಹೋಗುತ್ತಾನೆ.

ಮೂರನೆಯದು ವಯಸ್ಸು ಮತ್ತು ಒಪ್ಪಂದದ ಉಳಿದ ವರ್ಷ. 21ರ ಹುಡುಗನೂ 24ರ ಹುಡುಗನೂ ಒಂದೇ ಅಂಕದಲ್ಲಿದ್ದರೆ ಚಿಕ್ಕವನನ್ನೇ ಆರಿಸಿ. ಕ್ವಾರ್ಟರ್‌ಬ್ಯಾಕ್‌ಗಳು ಇತರರಿಗಿಂತ ತಡವಾಗಿ ಇಳಿಮುಖರಾಗುವುದರಿಂದ ಆಟದ ಮಟ್ಟಿಗೆ ಮೂರು ವರ್ಷ ದೊಡ್ಡ ವ್ಯತ್ಯಾಸವಲ್ಲ. ಆದರೆ ವಿನಿಮಯದ ಹೊತ್ತಿಗೆ ಕಂಪ್ಯೂಟರ್ ತಂಡಗಳು ವಯಸ್ಸಿಗೆ ದೊಡ್ಡ ಬೆಲೆ ಕಟ್ಟುತ್ತವೆ.

ದಾರಿ ಒಂದು: ಕೂರಿಸಿ, ವಾರದ ಅಭ್ಯಾಸದಲ್ಲಿ ಬೆಳೆಸುವುದು

ಅತ್ಯಂತ ಅಗ್ಗದ ದಾರಿ, ಅತ್ಯಂತ ನಿಧಾನದ್ದೂ ಹೌದು. ಆದರೂ ಇದನ್ನು ಸರಿಯಾಗಿ ಮಾಡುವವರು ಕಡಿಮೆ.

ಮ್ಯಾಡನ್ 22ರಿಂದೀಚೆಗೆ ವೀಕ್ಲಿ ಸ್ಟ್ರಾಟಜಿ ಪರದೆಯಲ್ಲಿ ಅಭ್ಯಾಸದ ತೀವ್ರತೆಯನ್ನು ನೀವೇ ನಿರ್ಧರಿಸಬಹುದು. ಫುಲ್ ಪ್ಯಾಡ್ಸ್‌ನಲ್ಲಿ ಎಕ್ಸ್‌ಪಿ ಹೆಚ್ಚು, ದಣಿವು ಮತ್ತು ಗಾಯದ ಅಪಾಯವೂ ಹೆಚ್ಚು. ಹಾಫ್ ಪ್ಯಾಡ್ಸ್‌ನಲ್ಲಿ ಎರಡೂ ಕಡಿಮೆ. ಭಾನುವಾರ ಆಡದ ಹುಡುಗನಿಗೆ ದಣಿವಿನ ಚಿಂತೆ ಎಲ್ಲಿಯದು? ಕ್ವಾರ್ಟರ್‌ಬ್ಯಾಕ್ ಬ್ಯಾಕಪ್‌ಗಳಿಗೆ ಸೀಸನ್ ಉದ್ದಕ್ಕೂ ಫುಲ್ ಪ್ಯಾಡ್ಸ್ ಹಾಕಿಡಿ. ಬಹಳ ಜನ ಇಡೀ ತಂಡಕ್ಕೆ ಹಾಫ್ ಪ್ಯಾಡ್ಸ್ ಒತ್ತಿ ಮುಂದೆ ಹೋಗುತ್ತಾರೆ. ಬ್ಯಾಕಪ್‌ನ ಎಕ್ಸ್‌ಪಿ ಸೋರಿಹೋಗುವುದು ಅಲ್ಲಿಯೇ.

ಫೋಕಸ್ ಆಟಗಾರರನ್ನು ಆರಿಸುವ ಜಾಗದಲ್ಲಿ ಒಂದು ಸ್ಥಾನವನ್ನು ಹುಡುಗನಿಗೆ ಮೀಸಲಿಡಿ. ಆ ಸ್ಥಾನವನ್ನು ಬೇರೆ ಯಾವ ಆಟಗಾರ ಬಳಸಬಹುದಿತ್ತು ಎಂಬುದೇ ಇದರ ನಿಜವಾದ ಬೆಲೆ. ಎರಡು ವರ್ಷದೊಳಗೆ ಸ್ಟಾರ್ಟರ್ ಆಗಬೇಕಾದ ಉತ್ತರಾಧಿಕಾರಿಗೆ ಈ ಖರ್ಚು ಸರಿ. ನಾರ್ಮಲ್ ಟ್ರೇಟ್‌ನ ಮೂರನೇ ಕ್ವಾರ್ಟರ್‌ಬ್ಯಾಕ್‌ಗೆ ಕೊಡುವುದು ವ್ಯರ್ಥ. ಅದೇ ಸ್ಥಾನವನ್ನು ದಿನವೂ ಆಡುವ ಎಳೆಯ ಕಾರ್ನರ್‌ಬ್ಯಾಕ್‌ಗೆ ಕೊಟ್ಟರೆ ಈ ವರ್ಷವೇ ಪಂದ್ಯ ಗೆಲ್ಲಿಸುತ್ತಾನೆ.

ಮ್ಯಾಡನ್ 24ರಲ್ಲಿ ಮರಳಿ ಬಂದ ತರಬೇತಿ ಶಿಬಿರದ ಮಿನಿ ಗೇಮ್‌ಗಳನ್ನೂ ಬಿಡಬೇಡಿ. ಕ್ವಾರ್ಟರ್‌ಬ್ಯಾಕ್ ಡ್ರಿಲ್‌ಗೆ ಸ್ಟಾರ್ಟರ್ ಬದಲು ಹುಡುಗನನ್ನು ಕಳಿಸಿ. 90 ದಾಟಿದ ಸ್ಟಾರ್ಟರ್‌ಗೆ ಆ ಎಕ್ಸ್‌ಪಿಯಿಂದ ಅರ್ಧ ಪಾಯಿಂಟೂ ಬರದಿರಬಹುದು. ಹುಡುಗನಿಗೆ ಅದೇ ಮೊತ್ತ ಬಹಳ ದೂರ ಹೋಗುತ್ತದೆ. ಕೋಚಿಂಗ್ ಕಡೆಯಿಂದಲೂ ಸಹಾಯ ಸಿಗುತ್ತದೆ. ಸ್ಟಾಫ್ ಟ್ಯಾಲೆಂಟ್ ಮರದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ಎಕ್ಸ್‌ಪಿ ಹೆಚ್ಚಿಸುವ ಕೊಂಬೆ ಕಂಡರೆ ಬೇಗ ಕೊಳ್ಳಿ. ಮ್ಯಾಡನ್ 26ರಲ್ಲಾದರೆ ಡೆವಲಪ್‌ಮೆಂಟ್ ವಿಜರ್ಡ್ ಬಗೆಯ ಕೋಚ್ ಇದೇ ಕೆಲಸಕ್ಕೆಂದು ಇರುವವನು.

ಇಷ್ಟೆಲ್ಲ ಮಾಡಿದರೂ ಹಿಡನ್ ಟ್ರೇಟ್ ಬಯಲಾಗುವುದಿಲ್ಲ. ಅದನ್ನು ತೆರೆಯುವುದು ಸ್ನ್ಯಾಪ್‌ಗಳು ಮಾತ್ರ, ಅಭ್ಯಾಸ ಅಲ್ಲ. ಬೆಂಚಿನ ದಾರಿಯ ದೊಡ್ಡ ದೌರ್ಬಲ್ಯ ಇದು: ಕೈಯಲ್ಲಿ ಚಿನ್ನವಿದೆಯೋ ಹಿತ್ತಾಳೆಯಿದೆಯೋ ತಿಳಿಯದೆಯೇ ವರ್ಷಗಳು ಕಳೆಯುತ್ತವೆ.

ದಾರಿ ಎರಡು: ತುಣುಕು ತುಣುಕಾಗಿ ಆಡಿಸುವುದು

ಪ್ರೀಸೀಸನ್ ಪಂದ್ಯಗಳು, ಗೆಲುವು ಖಚಿತವಾದ ನಾಲ್ಕನೇ ಕ್ವಾರ್ಟರ್, ಪ್ಲೇಆಫ್ ಸ್ಥಾನ ಭದ್ರವಾದ ಮೇಲಿನ ಕೊನೆಯ ವಾರ: ಈ ಮೂರು ಕಡೆ ಹುಡುಗನನ್ನು ಇಳಿಸಬಹುದು. ಎನ್‌ಎಫ್‌ಎಲ್ 17 ಪಂದ್ಯಗಳ ಸೀಸನ್‌ಗೆ ಹೋದ 2021ರಿಂದ ಪ್ರೀಸೀಸನ್ ಮೂರೇ ಪಂದ್ಯ. ಲೀಗ್ ಸೆಟ್ಟಿಂಗ್‌ನಲ್ಲಿ ಪ್ರೀಸೀಸನ್ ಆನ್ ಇಟ್ಟುಕೊಂಡಿದ್ದರೆ ಡೆಪ್ತ್ ಚಾರ್ಟ್‌ನಲ್ಲಿ (ಯಾರು ಮೊದಲು ಆಡುತ್ತಾರೆಂಬ ಪಟ್ಟಿ) ಹುಡುಗನನ್ನು ಮೇಲಕ್ಕೇರಿಸಿ ಮೂರೂ ಪಂದ್ಯ ಪೂರ್ತಿ ಅವನಿಗೇ ಕೊಡಿ. ಮೊದಲ ವಾರಕ್ಕೆ ಮುಂಚೆ ಡೆಪ್ತ್ ಚಾರ್ಟ್ ಮತ್ತೆ ತಿದ್ದಲು ಮರೆತರೆ ರೂಕಿಯೇ ಸೀಸನ್ ಆರಂಭಿಸುತ್ತಾನೆ, ಜೋಕೆ.

ನಾಲ್ಕನೇ ಕ್ವಾರ್ಟರ್‌ನಿಂದ ಎಷ್ಟು ಸಿಗುತ್ತದೆ ನೋಡೋಣ. ಆರು ನಿಮಿಷದ ಕ್ವಾರ್ಟರ್‌ನಲ್ಲಿ ನಿಮ್ಮ ಆಫೆನ್ಸ್‌ಗೆ ಸುಮಾರು ಹತ್ತು ಸ್ನ್ಯಾಪ್ ಬರುತ್ತವೆ ಎಂದಿಟ್ಟುಕೊಳ್ಳಿ. 17 ಪಂದ್ಯಗಳಲ್ಲಿ ಒಂಬತ್ತರಲ್ಲಿ ನೀವು ಮೂರು ಟಚ್‌ಡೌನ್ ಮುಂದಿದ್ದರೆ ಒಟ್ಟು 90 ಸ್ನ್ಯಾಪ್. ಪ್ರೀಸೀಸನ್ ಸೇರಿಸಿದರೂ 500ರ ಹತ್ತಿರ ಸುಳಿಯುವುದಿಲ್ಲ. ಎಕ್ಸ್‌ಪಿ ಲೆಕ್ಕದಲ್ಲಿ ಇದು ಬೆಂಚಿಗಿಂತ ಮೇಲು. ಹಿಡನ್ ಬಯಲು ಮಾಡಲು ಮಾತ್ರ ಸಾಲದು.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಇನ್ನೊಂದು. ಮುಂದಿರುವ ತಂಡ ಗಡಿಯಾರ ಓಡಿಸಲು ಚೆಂಡನ್ನು ರನ್ನಿಂಗ್ ಬ್ಯಾಕ್ ಕೈಗೆ ಕೊಡುತ್ತಾ ಹೋಗುತ್ತದೆ. ಹುಡುಗ ಹತ್ತು ಸ್ನ್ಯಾಪ್ ಮೈದಾನದಲ್ಲಿದ್ದು ಎಂಟು ಸಲ ಹ್ಯಾಂಡಾಫ್ ಮಾಡಿದರೆ ಅಂಕಿಅಂಶದಿಂದ ಬರುವ ಎಕ್ಸ್‌ಪಿ ಏನೂ ಇಲ್ಲ. ಅವನನ್ನು ಇಳಿಸಿದ ಮೇಲೆ ಪಾಸ್ ಮಾಡಿಸಿ: ಸ್ಲ್ಯಾಂಟ್, ಸ್ಟಿಕ್, ಸ್ಕ್ರೀನ್‌ನಂಥ ಚಿಕ್ಕ, ಖಚಿತ ಪಾಸ್‌ಗಳು. ಬೇರೆಯವರೊಂದಿಗೆ ಆನ್‌ಲೈನ್ ಲೀಗ್‌ನಲ್ಲಿ ಆಡುತ್ತಿದ್ದರೆ ಮೊದಲು ನಿಯಮ ಓದಿ. ಗೆದ್ದ ಪಂದ್ಯದಲ್ಲಿ ಸುಮ್ಮನೆ ಪಾಸ್ ಎಸೆದು ಅಂಕಿ ಹೆಚ್ಚಿಸಿಕೊಳ್ಳುವುದನ್ನು ಹಲವು ಲೀಗ್‌ಗಳು ಒಪ್ಪುವುದಿಲ್ಲ. ಎದುರಾಳಿಯೂ ಒಬ್ಬ ಮನುಷ್ಯ ಎಂಬುದನ್ನು ನೆನಪಿಟ್ಟರೆ ಆ ನಿಯಮ ಸರಿಯಾಗಿಯೇ ಇದೆ.

ದಾರಿ ಮೂರು: ನೇರವಾಗಿ ಸ್ಟಾರ್ಟರ್ ಮಾಡುವುದು

ನಮ್ಮ ತೂಕ ಬೀಳುವುದು ಈ ದಾರಿಯ ಮೇಲೆ. ಹಿಡನ್ ಅಥವಾ ಸ್ಟಾರ್‌ಗಿಂತ ಮೇಲಿನ ಟ್ರೇಟ್ ಇರುವ ಹುಡುಗನಿದ್ದು, ಈಗಿನ ಸ್ಟಾರ್ಟರ್ 85ರ ಒಳಗಿದ್ದರೆ ಯೋಚನೆಯೇ ಬೇಡ. ಮೊದಲ ವಾರದಿಂದಲೇ ಆಡಿಸಿ.

500 ಸ್ನ್ಯಾಪನ್ನು 17ರಿಂದ ಭಾಗಿಸಿದರೆ ಪಂದ್ಯಕ್ಕೆ ಸುಮಾರು 30 ಬೇಕು. ಆರು ನಿಮಿಷದ ಕ್ವಾರ್ಟರ್‌ನಲ್ಲಿ ನಿಮ್ಮ ಆಫೆನ್ಸ್ ಪಂದ್ಯಕ್ಕೆ 35ರಷ್ಟು ಸ್ನ್ಯಾಪ್ ಆಡುತ್ತದೆ ಎಂದಾದರೆ ಸೀಸನ್‌ಗೆ 595. ದಾಟುತ್ತೀರಿ, ಗಾಯಕ್ಕೆ ಎರಡು ವಾರ ಹೋದರೂ ಕಷ್ಟಪಟ್ಟು ತಲುಪುತ್ತೀರಿ. ಐದು ನಿಮಿಷದ ಕ್ವಾರ್ಟರ್‌ನಲ್ಲಿ ಅದು 28ಕ್ಕೆ ಇಳಿದರೆ ಒಟ್ಟು 476. ಪೂರ್ತಿ ಸೀಸನ್ ಆಡಿಯೂ ಟ್ರೇಟ್ ಮುಚ್ಚಿಯೇ ಇರುತ್ತದೆ. ‘ಎಲ್ಲ ಪಂದ್ಯ ಆಡಿಸಿದೆ, ಆದರೂ ಹಿಡನ್ ಯಾಕೆ ತೆರೆಯಲಿಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಈ ಸಣ್ಣ ಗುಣಾಕಾರ. ಕ್ವಾರ್ಟರ್ ಅವಧಿಯನ್ನು ಒಂದು ನಿಮಿಷ ಹೆಚ್ಚಿಸಿ, ಇಲ್ಲವೇ ಆಕ್ಸಿಲರೇಟೆಡ್ ಕ್ಲಾಕ್ (ಸ್ನ್ಯಾಪ್‌ಗಳ ನಡುವೆ ಗಡಿಯಾರ ಓಡಿಸುವ ಸೆಟ್ಟಿಂಗ್) ತೆಗೆದುಬಿಡಿ.

ಸಿಮ್ ಮಾಡಿದ ಪಂದ್ಯದ ಕತೆ ಬೇರೆ. ಅಲ್ಲಿ ಅಂಕಿಅಂಶ ನಿಜವಾದ ಪಂದ್ಯದ ಅಳತೆಯಲ್ಲಿ ಬರುತ್ತದೆ, ಅಂದರೆ ಒಂದು ತಂಡಕ್ಕೆ 60ರ ಮೇಲೆ ಸ್ನ್ಯಾಪ್. ಎಂಟು ಪಂದ್ಯ ಸಿಮ್ ಮಾಡಿದರೆ 500ರ ಹೊಸ್ತಿಲಿಗೆ ಬರುತ್ತೀರಿ, ಒಂಬತ್ತಕ್ಕೆ ದಾಟುತ್ತೀರಿ. ಇದರಿಂದ ಒಂದು ಉಪಾಯ ಹುಟ್ಟುತ್ತದೆ: ಒಂಬತ್ತನೇ ವಾರದ ಹೊತ್ತಿಗೆ ಸೀಸನ್ ಕೈತಪ್ಪಿದ್ದರೆ ಹಳೆಯ ಸ್ಟಾರ್ಟರ್‌ನನ್ನು ಕೆಳಗಿಳಿಸಿ, ಹುಡುಗನನ್ನು ಮೇಲಿಟ್ಟು ಉಳಿದ ಪಂದ್ಯಗಳನ್ನು ಸಿಮ್ ಮಾಡಿ. ಸೋಲುತ್ತೀರಿ, ಆದರೆ ಡ್ರಾಫ್ಟ್ ಸ್ಥಾನ ಮೇಲಾಗುತ್ತದೆ, ಹುಡುಗನ ಒಳಗೇನಿದೆ ಎಂಬುದೂ ಡ್ರಾಫ್ಟ್‌ಗೆ ಮುಂಚೆಯೇ ಗೊತ್ತಾಗುತ್ತದೆ. ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಅದೇ ಉತ್ತರ.

ಆಡುತ್ತಿರುವ ಹುಡುಗನಿಗೆ ಮಾತ್ರ ತೆರೆಯುವ ಇನ್ನೊಂದು ಬಾಗಿಲು ಬ್ರೇಕ್‌ಔಟ್ ಪಂದ್ಯ. ಕೆಲವು ವಾರಗಳಲ್ಲಿ ಆಟ ಒಬ್ಬ ಆಟಗಾರನ ಮುಂದೆ ಗುರಿ ಇಡುತ್ತದೆ: ಇಷ್ಟು ಯಾರ್ಡ್, ಇಷ್ಟು ಟಚ್‌ಡೌನ್. ಮುಟ್ಟಿದರೆ ಟ್ರೇಟ್ ಒಂದು ಮೆಟ್ಟಿಲು ಮೇಲೇರುತ್ತದೆ. ನಾರ್ಮಲ್ ಹುಡುಗ ಸ್ಟಾರ್ ಆಗುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಆ ವಾರವನ್ನು ಸಿಮ್ ಮಾಡಲೇಬೇಡಿ; ಕೈಯಾರೆ ಆಡಿ, ಮೊದಲಾರ್ಧದಲ್ಲೇ ಗುರಿಯ ಬಹುಪಾಲು ಮುಗಿಸಿ, ಎಂಡ್‌ ಜೋನ್ ಹತ್ತಿರ ಬಂದಾಗ ರನ್ ಬದಲು ಪಾಸ್ ಕರೆಯಿರಿ. ಒಂದು ಗಜದ ರನ್ನಿಂಗ್ ಟಚ್‌ಡೌನ್‌ನಿಂದ ಪಂದ್ಯ ಗೆದ್ದು ಹುಡುಗನ ಟ್ರೇಟ್ ಕಳೆದುಕೊಂಡವರು ಬೇಕಾದಷ್ಟು ಜನ.

ಈ ದಾರಿಯ ನಷ್ಟವನ್ನೂ ಹೇಳಲೇಬೇಕು. ಆಲ್-ಮ್ಯಾಡನ್ ಎಂಬ ಅತಿ ಕಠಿಣ ಮಟ್ಟದಲ್ಲಿ ಆಕ್ಯುರಸಿ 75ರ ಒಳಗಿರುವ ಹುಡುಗನ ಪಾಸ್‌ಗಳು ಒತ್ತಡದಲ್ಲಿ ದಿಕ್ಕು ತಪ್ಪುತ್ತವೆ. ಥ್ರೋ ಅಂಡರ್ ಪ್ರೆಶರ್ ಕಡಿಮೆಯಿದ್ದರೆ ಇನ್ನೂ ಕೆಟ್ಟದು. ಎರಡು ಮೂರು ಪಂದ್ಯ ಹೆಚ್ಚು ಸೋಲುವುದು ಖಚಿತ. ಒಂದು ರಕ್ಷಣೆಯೆಂದರೆ ಆಫೆನ್ಸಿವ್ ಲೈನ್. ಎಡ ಟ್ಯಾಕಲ್ ಮತ್ತು ಸೆಂಟರ್ ಗಟ್ಟಿಯಿಲ್ಲದ ತಂಡದಲ್ಲಿ ರೂಕಿಯನ್ನು ಇಳಿಸಿದರೆ ಅವನು ಗಾಯಗೊಂಡು ನಿಮ್ಮ ಸ್ನ್ಯಾಪ್ ಲೆಕ್ಕವೆಲ್ಲ ಮಣ್ಣಾಗುತ್ತದೆ.

ಸ್ಕಿಲ್ ಪಾಯಿಂಟ್ ಎಲ್ಲಿ ಹಾಕಬೇಕು

ಮೂರೂ ದಾರಿಗೂ ಇದು ಸೇರಿದ್ದು. ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ಆರ್ಕಿಟೈಪ್ (ಆಟದ ಶೈಲಿ): ಫೀಲ್ಡ್ ಜನರಲ್, ಸ್ಟ್ರಾಂಗ್ ಆರ್ಮ್, ಇಂಪ್ರೊವೈಸರ್, ಸ್ಕ್ರ್ಯಾಂಬ್ಲರ್. ಪಾಯಿಂಟನ್ನು ಯಾವುದಕ್ಕೆ ಹಾಕುತ್ತೀರೋ ಅದರ ಗುಂಪಿನ ಕೆಲವು ಅಂಕಗಳು ಏರುತ್ತವೆ. ತೆರೆಯ ಮೇಲೆ ಕಾಣುವ ಓವರಾಲ್ ಅವನ ಅತ್ಯುತ್ತಮ ಆರ್ಕಿಟೈಪ್‌ನದು. ಎಲ್ಲರೂ ಅದಕ್ಕೇ ಹಾಕುತ್ತಾರೆ, ಓವರಾಲ್ ಥಟ್ಟನೆ ಏರುತ್ತದೆ, ಮುಂದಿನ ಪಾಯಿಂಟ್ ದುಬಾರಿಯಾಗುತ್ತದೆ.

ಮಾರುವ ಉದ್ದೇಶವಿದ್ದರೆ ಹಾಗೇ ಮಾಡಿ; ಕಂಪ್ಯೂಟರ್ ತಂಡ ನೋಡುವುದು ಓವರಾಲ್. ನಿಮಗಾಗಿ ಬೆಳೆಸುತ್ತಿದ್ದರೆ ಮಾತ್ರ ಪಾಯಿಂಟ್ ಅಗ್ಗವಾಗಿರುವ ಮೊದಲ ವರ್ಷದಲ್ಲೇ ಸ್ಟ್ರಾಂಗ್ ಆರ್ಮ್ ಕಡೆ ಸ್ವಲ್ಪ ಹಾಕಿ ಡೀಪ್ ಆಕ್ಯುರಸಿ ಮತ್ತು ತೋಳನ್ನು ಎತ್ತಿಕೊಳ್ಳುವುದು ಜಾಣತನ. ಫೀಲ್ಡ್ ಜನರಲ್ ಕಡೆಯ ಅವೇರ್‌ನೆಸ್ಸನ್ನು ಆಮೇಲೆ ನೋಡಿಕೊಳ್ಳಬಹುದು. ಸಿಮ್ ಮಾಡುವವರು ಇದೇ ಕ್ರಮವನ್ನು ಹಿಂದುಮುಂದು ಮಾಡಿ: ಮೊದಲು ಫೀಲ್ಡ್ ಜನರಲ್.

ಹುಡುಗನ ಆರ್ಕಿಟೈಪ್ ನಿಮ್ಮ ಸ್ಕೀಮ್‌ಗೆ (ತಂಡದ ಆಟದ ಪದ್ಧತಿ) ಹೊಂದುತ್ತದೆಯೇ ಎಂದೂ ನೋಡಿ. ಹೊಂದಿದರೆ ಬೆಳವಣಿಗೆಗೆ ಅದರದೇ ಆದ ಲಾಭವಿದೆ. ಒಬ್ಬ ಬ್ಯಾಕಪ್‌ಗಾಗಿ ಇಡೀ ತಂಡದ ಸ್ಕೀಮ್ ಬದಲಿಸುವುದು ಮಾತ್ರ ಬೇಡ, ಉಳಿದ ಹತ್ತು ಜನರ ಲಾಭ ಹೋಗುತ್ತದೆ.

ಆಟೊ ಪ್ರೊಗ್ರೆಸ್ ಆನ್ ಆಗಿದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿ. ಆನ್ ಇದ್ದರೆ ಮೇಲಿನ ಯಾವ ಮಾತಿಗೂ ಅರ್ಥವಿಲ್ಲ, ಪಾಯಿಂಟನ್ನೆಲ್ಲ ಕಂಪ್ಯೂಟರೇ ಖರ್ಚು ಮಾಡಿರುತ್ತದೆ. ಹಾಗೆಯೇ ಲೀಗ್ ಸೆಟ್ಟಿಂಗ್‌ನ ಎಕ್ಸ್‌ಪಿ ಸ್ಲೈಡರ್. ಪ್ರತಿ ಪೊಸಿಷನ್‌ಗೂ ಬೇರೆ ಸ್ಲೈಡರ್ ಇರುತ್ತದೆ. ಹತ್ತಾರು ಸೀಸನ್ ಆಡುವ ಯೋಚನೆಯಿದ್ದರೆ ಕ್ವಾರ್ಟರ್‌ಬ್ಯಾಕ್ ಸ್ಲೈಡರ್ ಅನ್ನು 100ರಿಂದ ತುಸು ಇಳಿಸಿ. ಇಳಿಸದೆ ಬಿಟ್ಟ ಲೀಗ್‌ಗಳಲ್ಲಿ ವರ್ಷಗಳು ಕಳೆದಂತೆ ಎಲ್ಲ ತಂಡಗಳಲ್ಲೂ 90ರ ಕ್ವಾರ್ಟರ್‌ಬ್ಯಾಕ್‌ಗಳು ತುಂಬಿ, ನೀವು ಇಷ್ಟು ಆಸ್ಥೆಯಿಂದ ಬೆಳೆಸಿದವನಿಗೆ ಬೆಲೆಯೇ ಇಲ್ಲದಂತಾಗುತ್ತದೆ.

ದಾರಿ ನಾಲ್ಕು: ಮಾರುವುದು, ಅಥವಾ ಬೇರೆಯವರ ಬ್ಯಾಕಪ್ ಕೊಳ್ಳುವುದು

ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್ 2014ರ ಎರಡನೇ ಸುತ್ತಿನಲ್ಲಿ ಆರಿಸಿದ ಜಿಮ್ಮಿ ಗರೋಪ್ಪೊಲೊ ಅವರನ್ನು ಒಪ್ಪಂದದ ಕೊನೆಯ ವರ್ಷವಾದ 2017ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟು ಪಡೆದದ್ದು ಒಂದು ಎರಡನೇ ಸುತ್ತಿನ ಆಯ್ಕೆ. ಅದೇ ಸ್ಯಾನ್ ಫ್ರಾನ್ಸಿಸ್ಕೊ 2021ರಲ್ಲಿ ಮೂರನೇ ಆಯ್ಕೆಯಾಗಿ ತಂದ ಟ್ರೇ ಲ್ಯಾನ್ಸ್ ಅವರನ್ನು 2023ರ ಆಗಸ್ಟ್‌ನಲ್ಲಿ ಡಲ್ಲಸ್‌ಗೆ ಬಿಟ್ಟುಕೊಟ್ಟದ್ದು ನಾಲ್ಕನೇ ಸುತ್ತಿನ ಆಯ್ಕೆಗೆ. ಅಷ್ಟರಲ್ಲಿ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆಯಾದ ಬ್ರಾಕ್ ಪರ್ಡಿ ಆ ಜಾಗ ಹಿಡಿದಿದ್ದರು. ಆಡದೆ ಕೂತ ಕ್ವಾರ್ಟರ್‌ಬ್ಯಾಕ್‌ನ ಬೆಲೆ ಪ್ರತಿ ವರ್ಷ ಇಳಿಯುತ್ತದೆ ಎಂಬುದರಲ್ಲಿ ಮ್ಯಾಡನ್ ನಿಜ ಲೀಗ್‌ಗೆ ಹತ್ತಿರವಿದೆ.

ಆದ್ದರಿಂದ ಮಾರುವುದಾದರೆ ಒಪ್ಪಂದದಲ್ಲಿ ಎರಡು ವರ್ಷ ಉಳಿದಿರುವಾಗಲೇ ಮಾರಿ. ಹೊತ್ತು ಎರಡಿವೆ: ಸೀಸನ್ ಮಧ್ಯದ ವಿನಿಮಯದ ಗಡುವಿಗೆ ಮುಂಚೆ, ಸ್ಟಾರ್ಟರ್ ಗಾಯಗೊಂಡ ತಂಡವೊಂದು ಕಂಡಾಗ, ಮತ್ತು ಡ್ರಾಫ್ಟ್‌ಗೆ ಮುಂಚೆ, ಕ್ವಾರ್ಟರ್‌ಬ್ಯಾಕನ್ನು ತನ್ನ ಅಗತ್ಯಗಳ ಮೇಲ್ಭಾಗದಲ್ಲಿ ತೋರಿಸುವ ತಂಡಕ್ಕೆ. ಅಗತ್ಯವಿಲ್ಲದ ತಂಡಕ್ಕೆ ಅದೇ ಹುಡುಗನನ್ನು ತೋರಿಸಿದರೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಮಾರುವ ಮುಂಚೆ ಅವನ ಒಪ್ಪಂದದ ಬೋನಸ್ ಎಷ್ಟು ಉಳಿದಿದೆ ನೋಡಿ. ಅದು ಕ್ಯಾಪ್ (ತಂಡದ ಸಂಬಳದ ಮಿತಿ) ಪೆನಾಲ್ಟಿಯಾಗಿ ನಿಮ್ಮ ತಲೆಯ ಮೇಲೇ ಬರುತ್ತದೆ. ಮೊದಲ ಸುತ್ತಿನ ಆಯ್ಕೆಯಾದರೆ ಇದು ಹಗುರವಲ್ಲ; ಐದನೇ ಸುತ್ತಿನವನಾದರೆ ಗಮನಕ್ಕೂ ಬರುವುದಿಲ್ಲ. ಮಾರಾಟಕ್ಕೆಂದೇ ಬೆಳೆಸುವವರು ಮೂರರಿಂದ ಐದನೇ ಸುತ್ತಿನ ಹುಡುಗರನ್ನು ಹಿಡಿಯುವುದು ಇದಕ್ಕೇ.

ಕೊಳ್ಳುವ ಕಡೆಯೂ ಲಾಭವಿದೆ. ಟೆನ್ನೆಸಿ ಟೈಟನ್ಸ್ 2022ರಲ್ಲಿ 86ನೇ ಆಯ್ಕೆಯಾಗಿ ತಂದ ಮಲಿಕ್ ವಿಲಿಸ್ ಅವರನ್ನು ಗ್ರೀನ್ ಬೇ 2024ರ ಆಗಸ್ಟ್‌ನಲ್ಲಿ ಏಳನೇ ಸುತ್ತಿನ ಆಯ್ಕೆ ಕೊಟ್ಟು ಕೊಂಡಿತು. ಸೀಸನ್ ಆರಂಭದಲ್ಲೇ ಲವ್ ಗಾಯಗೊಂಡಾಗ ವಿಲಿಸ್ ಸ್ಟಾರ್ಟ್ ಮಾಡಿ ಸತತ ಎರಡು ಪಂದ್ಯ ಗೆಲ್ಲಿಸಿಕೊಟ್ಟರು. ಆಟದಲ್ಲಿ ಹುಡುಕುವ ಕ್ರಮ ಹೀಗೆ: ಎಲ್ಲ ತಂಡಗಳ ಕ್ವಾರ್ಟರ್‌ಬ್ಯಾಕ್ ಪಟ್ಟಿ ತೆರೆದು ವಯಸ್ಸು 24ರ ಒಳಗೆ, ಓವರಾಲ್ 75ರ ಒಳಗೆ, ಟ್ರೇಟ್ ಸ್ಟಾರ್ ಅಥವಾ ಹಿಡನ್ ಇರುವವರನ್ನು ಬೇರೆ ಮಾಡಿ. ಅವರಲ್ಲಿ ಯಾರ ಮುಂದೆ 88ಕ್ಕಿಂತ ಮೇಲಿನ, ಇನ್ನೂ ಮೂವತ್ತು ದಾಟದ ಸ್ಟಾರ್ಟರ್ ಇದ್ದಾನೋ ಅವನೇ ನಿಮ್ಮವನು. ಡ್ರಾಫ್ಟ್‌ನಲ್ಲಿ ಜೂಜಾಡುವುದಕ್ಕಿಂತ ಇದು ಸುರಕ್ಷಿತ. ಅಂಕಗಳೆಲ್ಲ ಕಣ್ಣೆದುರಿಗೇ ಇರುತ್ತವೆ.

ಕೊನೆಯ ಸುತ್ತಿನ ಹಿಡನ್ ಹುಡುಗನನ್ನು ಪ್ರಾಕ್ಟೀಸ್ ಸ್ಕ್ವಾಡ್‌ಗೆ ಹಾಕಿ ನಿಶ್ಚಿಂತೆಯಿಂದಿರುವುದು ತಪ್ಪು. ಅಲ್ಲಿರುವವನನ್ನು ಬೇರೆ ತಂಡ ತನ್ನ 53 ಆಟಗಾರರ ಮುಖ್ಯ ಪಟ್ಟಿಗೆ ಎತ್ತಿಕೊಂಡು ಹೋಗಬಹುದು. ಅವನ ಮೇಲೆ ನಂಬಿಕೆ ಇದ್ದರೆ 53ರಲ್ಲಿ ಮೂರನೇ ಕ್ವಾರ್ಟರ್‌ಬ್ಯಾಕ್ ಆಗಿ ಇಡಿ. ಇಲ್ಲದಿದ್ದರೆ ಆಸೆ ಬಿಡಿ.

ನಡುವೆ ಸೇತುವೆಯಾಗುವ ಹಿರಿಯ

ಹುಡುಗನಿಗೆ ಒಂದು ವರ್ಷ ಸಮಯ ಕೊಡಬೇಕೆಂದು ಹಿರಿಯ ಕ್ವಾರ್ಟರ್‌ಬ್ಯಾಕನ್ನು ತರುವುದಾದರೆ ಒಪ್ಪಂದ ಒಂದು, ಹೆಚ್ಚೆಂದರೆ ಎರಡು ವರ್ಷ. ಅಟ್ಲಾಂಟಾ ಫಾಲ್ಕನ್ಸ್ 2024ರ ಮಾರ್ಚ್‌ನಲ್ಲಿ ಕರ್ಕ್ ಕಸಿನ್ಸ್ ಜೊತೆ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿ, ಮುಂದಿನ ತಿಂಗಳೇ ಮೈಕಲ್ ಪೆನಿಕ್ಸ್ ಅವರನ್ನು ಎಂಟನೇ ಆಯ್ಕೆಯಾಗಿ ತಂದಿತು. ಅದೇ ಡಿಸೆಂಬರ್‌ನಲ್ಲಿ ಪೆನಿಕ್ಸ್ ಸ್ಟಾರ್ಟರ್ ಆಗಿದ್ದರು. ಮ್ಯಾಡನ್‌ನಲ್ಲಿ ಹೀಗೆ ಮಾಡಿದರೆ ಬೋನಸ್ ದಂಡ ಹುಡುಗನ ಅಗ್ಗದ ಒಪ್ಪಂದದ ಲಾಭವನ್ನೆಲ್ಲ ನುಂಗುತ್ತದೆ. ಆ ಹಣ ಆಫೆನ್ಸಿವ್ ಲೈನ್‌ಗೆ ಹೋಗಬೇಕಿತ್ತು.

ಕಾಲೇಜ್ ಫುಟ್ಬಾಲ್‌ನಲ್ಲಿ ಲೆಕ್ಕ ಬೇರೆ

ಇಎಯವರದೇ ಕಾಲೇಜ್ ಫುಟ್ಬಾಲ್ 25 ಮತ್ತು 26ರ ಡೈನಸ್ಟಿ ಮೋಡ್‌ನಲ್ಲಿ ಕೂರಿಸುವ ದಾರಿ ನಿಜಕ್ಕೂ ಫಲ ಕೊಡುತ್ತದೆ. ದೊಡ್ಡ ಜಿಗಿತ ಬರುವುದು ಸೀಸನ್ ಮುಗಿದ ಮೇಲಿನ ತರಬೇತಿಯಲ್ಲಿ, ಮತ್ತು ನಾಲ್ಕಕ್ಕಿಂತ ಹೆಚ್ಚು ಪಂದ್ಯ ಆಡದವನನ್ನು ರೆಡ್‌ಶರ್ಟ್ ಮಾಡಿ ಆಡುವ ಅರ್ಹತೆಯ ಒಂದು ವರ್ಷ ಉಳಿಸಬಹುದು. ನಾಲ್ಕು ಪಂದ್ಯದ ಈ ಅವಕಾಶವನ್ನು ದುರ್ಬಲ ಎದುರಾಳಿಗಳ ಮೇಲೆ ಬಳಸಿ. ಐದನೇ ಪಂದ್ಯದಲ್ಲಿ ಒಂದೇ ಸ್ನ್ಯಾಪ್ ಆಡಿಸಿದರೂ ವರ್ಷ ಹೋಯಿತು. ಇಲ್ಲಿ ಟ್ರೇಟ್‌ಗಳ ಹೆಸರು ನಾರ್ಮಲ್, ಇಂಪ್ಯಾಕ್ಟ್, ಸ್ಟಾರ್, ಎಲೀಟ್. ಅದರ ಜೊತೆಗೆ ಪ್ರತಿ ಕೌಶಲ ಗುಂಪಿಗೂ ಒಂದು ಮಿತಿ ಇದೆ. ಎಲೀಟ್ ಆಗಿದ್ದರೂ ಆಕ್ಯುರಸಿಯ ಮಿತಿ ಕೆಳಗಿದ್ದರೆ ಅವನು ಅಲ್ಲೇ ನಿಲ್ಲುತ್ತಾನೆ, ಆದ್ದರಿಂದ ಕೂರಿಸುವ ನಿರ್ಧಾರಕ್ಕೆ ಮುಂಚೆ ಆ ಮಿತಿಯ ಗೆರೆಗಳನ್ನು ನೋಡಿ.

ಇಲ್ಲಿನ ಶತ್ರು ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಆಟಗಾರ ಕಾಲೇಜು ಬದಲಿಸುವ ದಾರಿ. ಆಟಗಾರನ ಡೀಲ್‌ಬ್ರೇಕರ್ (ಈಡೇರದಿದ್ದರೆ ಬಿಟ್ಟುಹೋಗುವ ಷರತ್ತು) ‘ಪ್ಲೇಯಿಂಗ್ ಟೈಮ್’ ಆಗಿದ್ದರೆ ಎರಡನೇ ವರ್ಷ ಬೆಂಚಿನಲ್ಲಿ ಕೂರಿಸುವುದೆಂದರೆ ಕಳೆದುಕೊಳ್ಳುವುದು ಎಂದೇ ಲೆಕ್ಕ. ರಿಕ್ರೂಟ್ ಮಾಡುವಾಗಲೇ ಇದನ್ನು ನೋಡಿ, ಬ್ಯಾಕಪ್ ಆಗಿ ಬೆಳೆಯಬೇಕಾದವನಿಗೆ ಬೇರೆ ಡೀಲ್‌ಬ್ರೇಕರ್ ಇರುವಂತೆ ಆರಿಸಿ: ಕೋಚ್ ಪ್ರೆಸ್ಟೀಜ್, ಮನೆಗೆ ಹತ್ತಿರ, ಹೀಗೆ. ಒಂದೇ ವರ್ಷ ಇಬ್ಬರು ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳನ್ನು ತಂದರೆ ಒಬ್ಬ ಹೋಗುತ್ತಾನೆ. ಎರಡು ವರ್ಷಕ್ಕೊಬ್ಬರಂತೆ ತಂದರೆ ಸಾಲು ಕಡಿಯುವುದಿಲ್ಲ.

ಭಾರತದಲ್ಲಿ ಪಿಸಿಯಲ್ಲಿ ಆಡುವವರು ಗಮನಿಸಬೇಕಾದದ್ದು: ಕಾಲೇಜ್ ಫುಟ್ಬಾಲ್ 25 ಮತ್ತು 26 ಪಿಸಿಗೆ ಬಂದಿಲ್ಲ, ಪಿಎಸ್5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಬೇಕು. ಮ್ಯಾಡನ್ ಮಾತ್ರ 24ರಿಂದ ಪಿಸಿಯಲ್ಲೂ ಹೊಸ ಕನ್ಸೋಲ್‌ಗಳ ಆವೃತ್ತಿಯೇ. 23 ಅಥವಾ ಅದಕ್ಕೂ ಹಿಂದಿನದು ರಿಯಾಯಿತಿಯಲ್ಲಿ ಸಿಕ್ಕಿತೆಂದು ಪಿಸಿಗೆ ಕೊಳ್ಳುವವರಿಗೆ ಸಿಗುವುದು ಹಳೆಯ ಕನ್ಸೋಲ್‌ಗಳ ಆವೃತ್ತಿ. ಎರಡೂ ಆಟ ಒಂದೇ ಕನ್ಸೋಲ್‌ನಲ್ಲಿರುವವರು ಡೈನಸ್ಟಿಯಿಂದ ಡ್ರಾಫ್ಟ್ ಕ್ಲಾಸ್ (ಆ ವರ್ಷ ಡ್ರಾಫ್ಟ್‌ಗೆ ಬರುವ ಆಟಗಾರರ ಗುಂಪು) ಎಕ್ಸ್‌ಪೋರ್ಟ್ ಮಾಡಿ, ಕಾಲೇಜಿನಲ್ಲಿ ತಾವೇ ಬೆಳೆಸಿದ ಹುಡುಗನನ್ನು ಮ್ಯಾಡನ್ ಡ್ರಾಫ್ಟ್‌ನಲ್ಲಿ ಮತ್ತೆ ಆರಿಸಿಕೊಳ್ಳಬಹುದು. ಇಂಪೋರ್ಟ್ ಮಾಡಬೇಕಾದದ್ದು ಆ ವರ್ಷದ ಕ್ಲಾಸ್‌ನ ಸ್ಕೌಟಿಂಗ್ ಶುರುವಾಗುವ ಮುಂಚೆ. ಡ್ರಾಫ್ಟ್ ವಾರಕ್ಕೆಂದು ಬಿಟ್ಟರೆ ತಡವಾಗಿರುತ್ತದೆ.